ಟರ್ಮಿನೇಟರ್ 3ಕ್ಕೆ ಕೊನೆಯ ಸ್ಥಾನವೇ?

ಟರ್ಮಿನೇಟರ್ ಸರಣಿಯ ಆರು ಚಿತ್ರಗಳಿಗೆ ನೀವು ಸ್ಥಾನ ಕೊಟ್ಟ ಪಟ್ಟಿ ನೋಡಿದೆ. ಮೊದಲೆರಡು ಸ್ಥಾನಗಳ ಬಗ್ಗೆ ತಕರಾರಿಲ್ಲ. ಆದರೆ 2003ರ ಮೂರನೆಯ ಚಿತ್ರವನ್ನು 'ಎರಡನೆಯದರ ನಕಲು' ಎಂದು ಆರನೇ ಸ್ಥಾನಕ್ಕೆ ತಳ್ಳಿದ್ದು ಸರಿಯಲ್ಲ. ಹಾಸ್ಯ ಪೇಲವ, ಆ ನಕ್ಷತ್ರಾಕಾರದ ಕನ್ನಡಕದ ಜೋಕಂತೂ ಬೇಡವೇ ಬೇಡ, ಒಪ್ಪುತ್ತೇನೆ. ಕ್ಲೈಮ್ಯಾಕ್ಸ್ ಮಾತ್ರ ಎಲ್ಲಿಯ ನಕಲು? ಮನುಷ್ಯರ ವಿರುದ್ಧ ತಿರುಗಿಬಿದ್ದ ಯಂತ್ರಬುದ್ಧಿಯಾದ ಸ್ಕೈನೆಟ್‌ನ ಕೇಂದ್ರವನ್ನು ಸ್ಫೋಟಿಸಲು ಬಂಕರಿಗೆ ಹೋದವರಿಗೆ ಸಿಗುವುದು ಹಳೆಯ ರೇಡಿಯೊ ಉಪಕರಣಗಳು ಅಷ್ಟೇ. ಸ್ಕೈನೆಟ್ ಜಾಲದ ತುಂಬ ಹರಡಿದ ಸಾಫ್ಟ್‌ವೇರ್, ಒಡೆಯಲು ಪೆಟ್ಟಿಗೆಯೇ ಇಲ್ಲ. ಅದು ಹಾರಿಸಿದ ಅಣುಬಾಂಬುಗಳು ಬಿದ್ದೇಬಿಡುತ್ತವೆ. ಈ ಸರಣಿಯಲ್ಲಿ ಅಂಥ ಧೈರ್ಯ ಮತ್ತೆ ಯಾರಿಗೂ ಬರಲಿಲ್ಲ.

ಕ್ರೇನ್ ಬೆನ್ನಟ್ಟುವ ದೃಶ್ಯವನ್ನೂ ಇನ್ನೊಮ್ಮೆ ನೋಡಿ. ಕೊಕ್ಕೆಗೆ ನೇತಾಡುತ್ತಿದ್ದ ಶ್ವಾರ್ಜ್‌ನೆಗರ್ ಅದೇ ಕೊಕ್ಕೆಯನ್ನು ಮ್ಯಾನ್‌ಹೋಲ್‌ಗೆ ಸಿಕ್ಕಿಸುತ್ತಾನೆ, ಕೇಬಲ್ ಬಿಗಿದು ಇಡೀ ವಾಹನ ಪಲ್ಟಿ. ತೂಕ, ವೇಗ ಎರಡೂ ಕಣ್ಣಿಗೆ ಕಟ್ಟುತ್ತವೆ. 1991ರ ಚಿತ್ರ ಗೆದ್ದದ್ದೂ ಹೀಗೆಯೇ: ಗುಂಡು ಬಿದ್ದಾಗ ದ್ರವಲೋಹದ ಖಳ ರೋಬೋಟ್ ಟಿ-1000ನ ಎದೆಯಲ್ಲಿ ಅರಳುವ ಬೆಳ್ಳಿ ಹೂಗಳು ವಿಶೇಷ ಪರಿಣಾಮಗಳ ತಜ್ಞ ಸ್ಟಾನ್ ವಿನ್‌ಸ್ಟನ್ ತಂಡ ಅಂಗಿಯೊಳಗೆ ಸ್ಪ್ರಿಂಗ್ ಇಟ್ಟು ಮಾಡಿದವು, ಗ್ರಾಫಿಕ್ಸ್ ಅಲ್ಲ.

ಕೊನೆಯ ಸ್ಥಾನ 2015ರ ಜೆನಿಸಿಸ್‌ಗೇ ಸಲ್ಲಬೇಕು. ಯಂತ್ರಗಳ ವಿರುದ್ಧ ಮನುಷ್ಯರನ್ನು ಮುನ್ನಡೆಸಬೇಕಾದ ಜಾನ್ ಕಾನರ್ ಯಂತ್ರವಾಗಿದ್ದಾನೆಂಬ ಏಕೈಕ ತಿರುವನ್ನು ಟ್ರೈಲರೇ ಬಿಟ್ಟುಕೊಟ್ಟಿತು. ಭವಿಷ್ಯದಿಂದ 1973ಕ್ಕೆ ಶ್ವಾರ್ಜ್‌ನೆಗರ್ ನಟಿಸಿದ ರೋಬೋಟ್ 'ಪಾಪ್ಸ್'ನನ್ನು ಕಳಿಸಿದ್ದು ಯಾರು ಎಂಬುದಕ್ಕೆ ಉತ್ತರವೇ ಇಲ್ಲ, ಮುಂದಿನ ಭಾಗಕ್ಕೆಂದು ಇಟ್ಟುಕೊಂಡರು, ಆ ಭಾಗ ಬರಲೇ ಇಲ್ಲ. 2019ರ ಡಾರ್ಕ್ ಫೇಟ್ ಚಿತ್ರ ಆರಂಭದಲ್ಲೇ ಜಾನ್‌ನನ್ನು ಕೊಂದಿದ್ದಕ್ಕೆ ನೀವು ಅಂಕ ಕಳೆದಿದ್ದೀರಿ. ಅದೇ ತಕ್ಕಡಿಯಲ್ಲಿ ಅವನನ್ನು ಖಳನಾಗಿಸಿದ ಜೆನಿಸಿಸ್ ನಾಲ್ಕನೆಯದು ಹೇಗಾಯಿತು?