ಆ ಮೊದಲ ಸಾಲನ್ನು ಅಳಿಸಬೇಡಿ

ಮೊನ್ನೆ ರಾತ್ರಿ ಗೆಳತಿಯೊಬ್ಬಳು ಸ್ಕ್ರೀನ್‌ಶಾಟ್ ಕಳಿಸಿದಳು. ಎಕ್ಸೆಲ್ ಮ್ಯಾಕ್ರೋ (ಕೆಲಸವನ್ನು ತಾನಾಗಿ ಮಾಡಿಸುವ ಆಜ್ಞೆಗಳ ಪಟ್ಟಿ), ನಡುವೆ ಒಂದು ಚಿಕ್ಕ ಡಬ್ಬಿ. 'ಕಂಪೈಲ್ ಎರರ್: ವೇರಿಯಬಲ್ ನಾಟ್ ಡಿಫೈನ್ಡ್'. ಅಂದರೆ, ಬೆಲೆ ಹಿಡಿದಿಡುವ ಒಂದು ಹೆಸರು (ವೇರಿಯಬಲ್) ಏನೆಂದು ಗೊತ್ತಿಲ್ಲ. ಕೆಳಗೆ ಅವಳ ಪ್ರಶ್ನೆ: "ಮೇಲಿರೋ ಆಪ್ಷನ್ ಎಕ್ಸ್‌ಪ್ಲಿಸಿಟ್ ಅನ್ನೋ ಸಾಲು ತೆಗೆದರೆ ಇದು ಹೋಗುತ್ತೆ ಅಂತ ಯಾರೋ ಹೇಳಿದರು. ತೆಗೆಯಲಾ?"

ಬೇಡ ಅಂತ ನಾನು ಟೈಪ್ ಮಾಡುವಷ್ಟರಲ್ಲಿ ತೆಗೆದಾಗಿತ್ತು. ಮುಂದಿನ ಸ್ಕ್ರೀನ್‌ಶಾಟ್ ಬಂತು. ಈಗ ಎರರ್ 1004, 'ಅಪ್ಲಿಕೇಷನ್-ಡಿಫೈನ್ಡ್ ಆರ್ ಆಬ್ಜೆಕ್ಟ್-ಡಿಫೈನ್ಡ್ ಎರರ್'. ಮೊದಲಿನದ್ದಾದರೂ ಯಾವ ಪದದಲ್ಲಿ ತಪ್ಪಿದೆ ಅಂತ ಬೆರಳಿಟ್ಟು ತೋರಿಸುತ್ತಿತ್ತು. ಇದು ಏನನ್ನೂ ಹೇಳುವುದಿಲ್ಲ. ಸಾಲು ಅಳಿಸಿದ್ದರಿಂದ ತಪ್ಪು ಹೋಗಲಿಲ್ಲ, ತಪ್ಪನ್ನು ತೋರಿಸುವವರು ಹೋದರು ಅಷ್ಟೇ.

ಈ ಸಲಹೆ ನನಗೆ ನಿಜಕ್ಕೂ ಬೇಸರ ತರಿಸುತ್ತದೆ. ಕೊಡುವವರ ಮನಸ್ಸು ಒಳ್ಳೆಯದೇ, ಎದುರಿಗಿರುವವರ ಕೆಲಸ ಬೇಗ ಮುಗಿಯಲಿ ಅಂತ ಹೇಳಿರುತ್ತಾರೆ. ಆದರೆ ಇದರಿಂದ ಆಗುವ ನಷ್ಟ ಎಂಥದ್ದು ಅಂತ ನಾನು ಅನುಭವಿಸಿದ್ದೇನೆ.

ಆಪ್ಷನ್ ಎಕ್ಸ್‌ಪ್ಲಿಸಿಟ್ ಹೇಳುವುದು ಇಷ್ಟೇ: ಈ ಮಾಡ್ಯೂಲಿನಲ್ಲಿ (ಕೋಡ್ ಬರೆಯುವ ಪುಟದಲ್ಲಿ) ನೀನು ಬಳಸುವ ಪ್ರತಿ ಹೆಸರನ್ನೂ ಮೊದಲು ಡಿಮ್ ಬಳಸಿ ಪರಿಚಯಿಸು (ಡಿಕ್ಲೇರ್ ಮಾಡು), ಆಮೇಲೆ ಬಳಸು. ಆ ಸಾಲು ಇಲ್ಲದಿದ್ದರೆ ಮ್ಯಾಕ್ರೋ ಬರೆಯುವ ಭಾಷೆಯಾದ ವಿಬಿಎ ತನಗೆ ಗೊತ್ತಿಲ್ಲದ ಹೆಸರು ಕಂಡಾಗಲೆಲ್ಲ ಸುಮ್ನೆ ಒಂದು ಹೊಸ ವೇರಿಯಬಲ್ ಹುಟ್ಟಿಸುತ್ತದೆ. ಅದರ ವಿಧ ವೇರಿಯಂಟ್ (ಏನನ್ನು ಬೇಕಾದರೂ ಹಿಡಿಯುವಂಥದ್ದು), ಒಳಗಿರುವುದು ಎಂಪ್ಟಿ, ಅಂದರೆ ಏನೂ ಇಲ್ಲ. ಲೆಕ್ಕಕ್ಕೆ ಹಾಕಿದರೆ ಅದು ಸೊನ್ನೆ. ಪಠ್ಯಕ್ಕೆ ಜೋಡಿಸಿದರೆ ಖಾಲಿ. ಯಾರಿಗೂ ಹೇಳುವುದಿಲ್ಲ, ಕೇಳುವುದಿಲ್ಲ.

ಕೆಲವು ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಕಡೆ ಬಾಕಿ ಹಣದ ನೆನಪೋಲೆ ಕಳಿಸುವ ಒಂದು ಶೀಟ್ ಇತ್ತು. ಮೂರನೇ ಕಾಲಮ್ಮಿನಲ್ಲಿ ಹಣ ಕಟ್ಟಿದವರ ಎದುರು 'ಪೇಡ್' ಅಂತ ಬರೆದಿರುತ್ತಿತ್ತು. ಕಟ್ಟದವರ ಸೆಲ್ ಖಾಲಿ. ನನ್ನ ಮ್ಯಾಕ್ರೋ ಸಾಲುಸಾಲಾಗಿ ಹೋಗಿ, ಸೆಲ್ಲಿನಲ್ಲಿ ಪೇಡ್ ಇದ್ದರೆ ಬಿಟ್ಟು, ಉಳಿದವರ ಪಟ್ಟಿ ಮಾಡಬೇಕಿತ್ತು. ನಾನು ಪೇಡ್ ಅನ್ನೋ ಪದಕ್ಕೆ ಉದ್ಧರಣ ಚಿಹ್ನೆ ಹಾಕುವುದು ಮರೆತಿದ್ದೆ. 'ವೇರಿಯಬಲ್ ನಾಟ್ ಡಿಫೈನ್ಡ್' ಬಂತು. ಆಗ ನನಗೂ ಅದೇ ಸಲಹೆ ಸಿಕ್ಕಿತು, ಮೇಲಿನ ಸಾಲು ಅಳಿಸಿದೆ. ಎರರ್ ಹೋಯಿತು, ಮ್ಯಾಕ್ರೋ ಓಡಿತು, ಪಟ್ಟಿಯೂ ಬಂತು.

ಏನಾಯಿತು ನೋಡಿ. ಚಿಹ್ನೆ ಇಲ್ಲದ ಪೇಡ್ ಈಗ ಒಂದು ವೇರಿಯಬಲ್, ಅದರೊಳಗೆ ಎಂಪ್ಟಿ. ಖಾಲಿ ಸೆಲ್ಲಿನ ಬೆಲೆಯೂ ಎಂಪ್ಟಿ. ಎರಡೂ ಸಮ ಅಂತ ವಿಬಿಎ ಒಪ್ಪಿಕೊಂಡಿತು. ಹಾಗಾಗಿ ಹಣ ಕಟ್ಟದವರನ್ನೆಲ್ಲ ಕಟ್ಟಿದವರು ಅಂತ ಬಿಟ್ಟಿತು. ನಿಜವಾಗಿ ಕಟ್ಟಿದವರ ಸೆಲ್ಲಿನಲ್ಲಿ ಅಕ್ಷರ ಇತ್ತಲ್ಲ, ಅದು ಎಂಪ್ಟಿಗೆ ಸಮ ಅಲ್ಲ. ಅವರೆಲ್ಲರ ಹೆಸರೂ ಬಾಕಿ ಪಟ್ಟಿಗೆ ಸೇರಿತು. ಪೂರ್ತಿ ತಲೆಕೆಳಗು. ಮೊದಲ ದಿನವೇ ಹಣ ಕಟ್ಟಿದ್ದ ಹಿರಿಯರೊಬ್ಬರು ಫೋನ್ ಮಾಡಿ, "ನಾನು ಯಾವತ್ತೂ ಬಾಕಿ ಉಳಿಸಿಕೊಂಡವನಲ್ಲ" ಅಂದರು. ದನಿ ನಡುಗುತ್ತಿತ್ತು. ಅವರ ಕ್ಷಮೆ ಕೇಳಿದೆ. ಆ ದಿನದಿಂದ ಇವತ್ತಿನವರೆಗೆ ಆ ಸಾಲಿಲ್ಲದೆ ಒಂದೇ ಒಂದು ಮ್ಯಾಕ್ರೋ ಬರೆದಿಲ್ಲ.

ಹಾಗಾದರೆ ಎರರ್ ಬಂದಾಗ ಏನು ಮಾಡಬೇಕು? ಮೊದಲು ಕಣ್ಣನ್ನು ಸರಿಯಾದ ಜಾಗಕ್ಕೆ ತನ್ನಿ. ಡಬ್ಬಿಯಲ್ಲಿ ಓಕೆ ಒತ್ತಿದ ಮೇಲೆ ಸಬ್ (ಮ್ಯಾಕ್ರೋದ ಒಂದೊಂದು ತುಂಡು ಕೋಡಿಗೆ ಆ ಹೆಸರು) ಶುರುವಾಗುವ ಸಾಲು ಹಳದಿ ಆಗಿರುತ್ತದೆ. ಎಲ್ಲರೂ ಆ ಹಳದಿ ಸಾಲನ್ನೇ ದಿಟ್ಟಿಸುತ್ತಾ ಕೂರುತ್ತಾರೆ. ತಪ್ಪು ಅಲ್ಲಿಲ್ಲ. ಕೆಳಗೆ ಎಲ್ಲೋ ಒಂದು ಪದ ನೀಲಿಯಾಗಿ ಸೆಲೆಕ್ಟ್ ಆಗಿರುತ್ತದೆ, ವಿಬಿಎಗೆ ಗೊತ್ತಾಗದ ಹೆಸರು ಅದೇ. ತಿದ್ದಿ ಮತ್ತೆ ಓಡಿಸುವ ಮೊದಲು ಮೇಲಿನ ಟೂಲ್‌ಬಾರಿನಲ್ಲಿ ಚೌಕದ ಗುರುತಿನ ರೀಸೆಟ್ ಬಟನ್ ಒತ್ತಿ. ಹಳದಿ ಹೋಗುತ್ತದೆ.

ಆ ನೀಲಿ ಪದ ಏನು ಅನ್ನೋದರ ಮೇಲೆ ಮುಂದಿನ ಕೆಲಸ. ಬಹಳ ಸಲ ಅದು ಲೂಪಿನ (ಒಂದೇ ಕೆಲಸ ಮತ್ತೆಮತ್ತೆ ಮಾಡಿಸುವ ಭಾಗದ) ಐ ಆಗಿರುತ್ತದೆ. ಫಾರ್ ಐ ಅಂತ ಬರೆದು ಐಯನ್ನು ಡಿಕ್ಲೇರ್ ಮಾಡಿರುವುದಿಲ್ಲ. 'ಡಿಮ್ ಐ ಆಸ್ ಲಾಂಗ್' ಸೇರಿಸಿದರೆ ಮುಗಿಯಿತು. ಲಾಂಗ್ ಅಂದರೆ ಪೂರ್ಣಾಂಕ ಹಿಡಿಯುವ ವಿಧ. ಕೆಲವು ಸಲ ಅದು ವೇರಿಯಬಲ್ಲೇ ಅಲ್ಲ, ನನ್ನ ಪೇಡ್ ಥರ ಚಿಹ್ನೆ ಮರೆತ ಪಠ್ಯ, ಅಥವಾ ರೇಂಜ್ ಪಕ್ಕದ ಆವರಣದಲ್ಲಿ ಹಾಗೇ ಬರೆದುಬಿಟ್ಟ ಎ1. ಇಂಥ ಕಡೆ ಡಿಮ್ ಎ1 ಅಂತ ಸೇರಿಸಿ ಎರರ್ ಬಾಯಿ ಮುಚ್ಚಿಸಬೇಡಿ. ಅದೂ ಸಾಲು ಅಳಿಸಿದಷ್ಟೇ ಕೆಟ್ಟದ್ದು.

ಇನ್ನೊಂದು ಬಗೆ ಸ್ವಲ್ಪ ಸೂಕ್ಷ್ಮ. ಎಕ್ಸೆಲ್ಲಿನಿಂದ ವರ್ಡ್ ತೆರೆದು ಪಿಡಿಎಫ್ ಆಗಿ ಉಳಿಸುವ ಮ್ಯಾಕ್ರೋ ಅಂತ ಇಟ್ಟುಕೊಳ್ಳಿ. ವಿಬಿಎ ಎಡಿಟರಿನ ಟೂಲ್ಸ್ ಮೆನುವಿನ ರೆಫರೆನ್ಸಸ್‌ನಲ್ಲಿ ವರ್ಡ್ ಲೈಬ್ರರಿಗೆ ಟಿಕ್ ಹಾಕದೆ, ಕ್ರಿಯೇಟ್‌ಆಬ್ಜೆಕ್ಟ್ ಬಳಸಿ ತೆರೆದಿದ್ದೀರಿ. ಆಗ ಪಿಡಿಎಫ್ ಆಗಿ ಉಳಿಸು ಅನ್ನಲು ವರ್ಡ್ ಬಳಸುವ ಡಬ್ಲ್ಯುಡಿಫಾರ್ಮ್ಯಾಟ್‌ಪಿಡಿಎಫ್ ಅನ್ನೋ ಹೆಸರು ಎಕ್ಸೆಲ್‌ಗೆ ಗೊತ್ತೇ ಇರುವುದಿಲ್ಲ. ಆಪ್ಷನ್ ಎಕ್ಸ್‌ಪ್ಲಿಸಿಟ್ ಇದ್ದರೆ ಅಲ್ಲೇ ನಿಲ್ಲಿಸುತ್ತದೆ. ಇಲ್ಲದಿದ್ದರೆ ಆ ಹೆಸರಿನ ಬೆಲೆ ಸೊನ್ನೆ ಆಗುತ್ತದೆ. ವರ್ಡ್‌ಗೆ ಪಿಡಿಎಫ್ ಅಂದರೆ 17, ಸೊನ್ನೆ ಅಂದರೆ ಹಳೇ ವರ್ಡ್ ಡಾಕ್ಯುಮೆಂಟ್. ಫೈಲಿನ ಹೆಸರಿನ ಕೊನೆಯಲ್ಲಿ ಪಿಡಿಎಫ್ ಅಂತ ಇರುತ್ತದೆ, ಒಳಗೆ ವರ್ಡ್ ಇರುತ್ತದೆ. ತೆರೆಯಲು ಹೋದವರಿಗೆ ಫೈಲ್ ಹಾಳಾಗಿದೆ ಅನ್ನಿಸುತ್ತದೆ. ಪರಿಹಾರ ಒಂದೇ ಸಾಲಿನದು: ಮೇಲೆ, ಬದಲಾಗದ ಬೆಲೆ ಕೊಡುವ ಕಾನ್ಸ್ಟ್ ಬಳಸಿ ಆ ಹೆಸರಿಗೆ 17 ಕೊಟ್ಟುಬಿಡಿ.

ಡಿಕ್ಲೇರ್ ಮಾಡಿದ ಮೇಲೂ ಎಡವುವ ಜಾಗಗಳಿವೆ. ನನಗೆ ಅತಿ ಜಾಸ್ತಿ ಸಿಗುವುದು ಇದು: 'ಡಿಮ್ ಎ, ಬಿ, ಸಿ ಆಸ್ ಲಾಂಗ್'. ಮೂರೂ ಲಾಂಗ್ ಅಂತ ಅನ್ನಿಸುತ್ತದೆ ಅಲ್ವಾ? ಅಲ್ಲ. ವಿಬಿಎಯಲ್ಲಿ ಸಿ ಮಾತ್ರ ಲಾಂಗ್, ಎ ಮತ್ತು ಬಿ ವೇರಿಯಂಟ್. ಸುಮಾರು ದಿನ ಏನೂ ಆಗುವುದಿಲ್ಲ. ಒಂದು ದಿನ ಎ ಅನ್ನು ಲಾಂಗ್ ಬೇಕೆನ್ನುವ ಇನ್ನೊಂದು ಸಬ್‌ಗೆ ಕಳಿಸುತ್ತೀರಿ, 'ಬೈರೆಫ್ ಆರ್ಗ್ಯುಮೆಂಟ್ ಟೈಪ್ ಮಿಸ್‌ಮ್ಯಾಚ್' ಬರುತ್ತದೆ. ನಾನು ಲಾಂಗ್ ಅಂತಲೇ ಬರೆದಿದ್ದೇನಲ್ಲ ಅಂತ ತಲೆ ಕೆಡಿಸಿಕೊಳ್ಳುತ್ತೀರಿ. ಪ್ರತಿ ಹೆಸರಿಗೂ ಅದರದ್ದೇ 'ಆಸ್ ಲಾಂಗ್' ಬೇಕು. ನಾನಂತೂ ಒಂದು ಸಾಲಿಗೆ ಒಂದೇ ಹೆಸರು ಬರೆಯುತ್ತೇನೆ. ಉದ್ದವಾದರೆ ಆಗಲಿ.

ಇಂಟಿಜರ್ ಬಗ್ಗೆಯೂ ಒಂದು ಮಾತು. ಅದೂ ಪೂರ್ಣಾಂಕದ ವಿಧವೇ, ಆದರೆ 32,767ರವರೆಗೆ ಮಾತ್ರ ಹಿಡಿಯುತ್ತದೆ. ಎಕ್ಸೆಲ್ ಶೀಟಿನಲ್ಲಿ 2007ರ ಆವೃತ್ತಿಯಿಂದ 10,48,576 ಸಾಲುಗಳಿವೆ, ಅದಕ್ಕೂ ಮೊದಲೇ 65,536 ಇದ್ದವು. ಸಾಲಿನ ಸಂಖ್ಯೆಯನ್ನು ಇಂಟಿಜರಿನಲ್ಲಿಟ್ಟರೆ ಡೇಟಾ ಬೆಳೆದ ದಿನ ಎರರ್ 6, ಓವರ್‌ಫ್ಲೋ. ವಿಚಿತ್ರ ಅಂದರೆ, ಉತ್ತರ ಹಿಡಿಯುವ ವೇರಿಯಬಲ್ ಲಾಂಗ್ ಆಗಿದ್ದರೂ 200 ಗುಣಿಸು 200 ಅಂತ ನೇರವಾಗಿ ಬರೆದರೆ ಓವರ್‌ಫ್ಲೋ ಬರುತ್ತದೆ. ಎರಡೂ ಅಂಕಿಗಳನ್ನು ವಿಬಿಎ ಇಂಟಿಜರ್ ಅಂತಲೇ ನೋಡುತ್ತದೆ, 40,000 ಅದರೊಳಗೆ ಹಿಡಿಯುವುದಿಲ್ಲ. ಒಂದು ಅಂಕಿಯನ್ನು, ಲಾಂಗ್ ಆಗಿ ಬದಲಿಸುವ ಸಿಎಲ್‌ಎನ್‌ಜಿ ಒಳಗೆ ಹಾಕಿದರೆ ಸರಿಹೋಗುತ್ತದೆ.

ಬೇರೆ ಭಾಷೆಗಳಿಂದ ಬಂದವರು ಡಿಮ್ ಸಾಲಿನಲ್ಲೇ ಬೆಲೆಯನ್ನೂ ಕೊಡಲು ನೋಡುತ್ತಾರೆ. ವಿಬಿಎ ಒಪ್ಪುವುದಿಲ್ಲ, ಮುಂದಿನ ಸಾಲಿನಲ್ಲಿ ಕೊಡಬೇಕು. ಇನ್ನು ಲೂಪಿನ ಒಳಗೆ ಡಿಮ್ ಬರೆದರೆ ಪ್ರತಿ ಸುತ್ತಿಗೂ ವೇರಿಯಬಲ್ ಸೊನ್ನೆಯಿಂದ ಶುರುವಾಗುತ್ತದೆ ಅಂತ ನಂಬಿರುತ್ತಾರೆ. ಆಗುವುದಿಲ್ಲ. ವಿಬಿಎಯಲ್ಲಿ ಡಿಮ್ ಇಡೀ ಸಬ್‌ಗೆ ಒಂದೇ ಸಲ. ಪ್ರತಿ ಶೀಟಿನ ಮೊತ್ತ ಬೇರೆಬೇರೆ ಬರಬೇಕು ಅಂತ ಒಳಗೆ ಡಿಮ್ ಹಾಕಿದರೆ, ಎರಡನೇ ಶೀಟಿನ ಮೊತ್ತಕ್ಕೆ ಮೊದಲನೆಯದ್ದೂ ಸೇರಿರುತ್ತದೆ. ಇದಕ್ಕೆ ಯಾವ ಎರರ್ ಕೂಡ ಬರುವುದಿಲ್ಲ. ಸುತ್ತಿನ ಶುರುವಿನಲ್ಲಿ ನೀವೇ ಸೊನ್ನೆ ಬರೆಯಬೇಕು.

ಒಂದು ಸಬ್‌ನಲ್ಲಿ ಡಿಕ್ಲೇರ್ ಮಾಡಿದ್ದು ಇನ್ನೊಂದು ಸಬ್‌ಗೆ ಕಾಣಿಸುವುದಿಲ್ಲ. ಆಗ ಎಲ್ಲವನ್ನೂ ಎತ್ತಿ ಮಾಡ್ಯೂಲಿನ ಮೇಲೆ, ಎಲ್ಲ ಕಡೆಗೂ ಕಾಣುವ ಹಾಗೆ, ಪಬ್ಲಿಕ್ ಅಂತ ಹಾಕುವವರಿದ್ದಾರೆ. ನನಗೆ ಅದು ಇಷ್ಟವಿಲ್ಲ. ಯಾವ ಸಬ್ ಯಾವಾಗ ಬೆಲೆ ಬದಲಿಸಿತು ಅಂತ ಹುಡುಕುವುದು ನರಕ. ಬೇಕಾದ್ದನ್ನು ಆರ್ಗ್ಯುಮೆಂಟ್ ಆಗಿ, ಅಂದರೆ ಸಬ್ ಕರೆಯುವಾಗಲೇ ಅದರ ಕೈಗೆ ಕೊಟ್ಟು ಕಳಿಸಿ.

'ಯೂಸರ್-ಡಿಫೈನ್ಡ್ ಟೈಪ್ ನಾಟ್ ಡಿಫೈನ್ಡ್' ಬಂದರೆ ಹೆಸರಿನ ಕಡೆ ನೋಡಬೇಡಿ, ಆಸ್ ನಂತರದ ವಿಧದ ಕಡೆ ನೋಡಿ. ಡಿಕ್ಷನರಿ (ಹೆಸರು-ಬೆಲೆಯ ಜೋಡಿಗಳನ್ನು ಇಡುವ ವಿಧ) ಬಳಸುವಾಗ ಇದು ಮಾಮೂಲು, ಮೈಕ್ರೋಸಾಫ್ಟ್ ಸ್ಕ್ರಿಪ್ಟಿಂಗ್ ರನ್‌ಟೈಮ್ ರೆಫರೆನ್ಸ್‌ಗೆ ಟಿಕ್ ಬಿದ್ದಿರುವುದಿಲ್ಲ. ಎರರ್ 91 ಬಂದರೆ ಬಹಳ ಸಲ ಸೆಟ್ ಅನ್ನೋ ಪದ ಮರೆತಿರುತ್ತೀರಿ. ರೇಂಜ್, ವರ್ಕ್‌ಶೀಟ್ ಥರದವುಗಳಿಗೆ ಬರೀ ಸಮ ಚಿಹ್ನೆ ಸಾಲದು.

ನನ್ನ ಒಂದು ದೂರು ಇದೆ. ಟೂಲ್ಸ್, ಆಪ್ಷನ್ಸ್, ಎಡಿಟರ್ ಟ್ಯಾಬಿನಲ್ಲಿ 'ರಿಕ್ವೈರ್ ವೇರಿಯಬಲ್ ಡಿಕ್ಲರೇಷನ್' ಅಂತ ಒಂದು ಚೌಕ ಇದೆ. ಅದಕ್ಕೆ ಟಿಕ್ ಹಾಕಿದರೆ ಮುಂದೆ ಸೇರಿಸುವ ಪ್ರತಿ ಹೊಸ ಮಾಡ್ಯೂಲಿನ ತಲೆಯಲ್ಲೂ ಆಪ್ಷನ್ ಎಕ್ಸ್‌ಪ್ಲಿಸಿಟ್ ತಾನಾಗಿ ಬರುತ್ತದೆ. ಹಳೆಯವಕ್ಕೆ ನಾವೇ ಬರೆಯಬೇಕು. ಆ ಟಿಕ್ ಮೊದಲಿನಿಂದ ಇರುವುದಿಲ್ಲ, ಇರಬೇಕಿತ್ತು. ಎಕ್ಸೆಲ್‌ಗೆ ವಿಬಿಎ ಬಂದದ್ದು 1993ರಲ್ಲಿ. ಅದಕ್ಕೂ ಎಷ್ಟೋ ಮೊದಲು, 1957ರ ಪ್ರೋಗ್ರಾಮಿಂಗ್ ಭಾಷೆ ಫೋರ್ಟ್ರಾನ್‌ನಲ್ಲಿ ಹೆಸರಿನ ಮೊದಲ ಅಕ್ಷರ ನೋಡಿಯೇ ವಿಧ ಊಹಿಸುವ ಪದ್ಧತಿ ಇತ್ತು. ಐನಿಂದ ಎನ್‌ವರೆಗಿನ ಅಕ್ಷರವಾದರೆ ಪೂರ್ಣಾಂಕ. ಅದರ ತೊಂದರೆ ಎಷ್ಟಿತ್ತೆಂದರೆ, ಊಹೆ ಬೇಡ ಅನ್ನುವ ಇಂಪ್ಲಿಸಿಟ್ ನನ್ ಸಾಲು ಫೋರ್ಟ್ರಾನ್ 90ರ ಹೊತ್ತಿಗೆ ಭಾಷೆಯ ಮಾನಕಕ್ಕೇ ಸೇರಿತು. ಕಲಿಯುವವರು ಅದೇ ಗುಂಡಿಗೆ ಮತ್ತೆ ಯಾಕೆ ಬೀಳಬೇಕು?

ಇನ್ನೊಂದು ಅಭ್ಯಾಸ ಮಾಡಿಕೊಳ್ಳಿ. ಡಿಬಗ್ ಮೆನುವಿನಲ್ಲಿ ಮೊದಲನೆಯದೇ ಕಂಪೈಲ್. ಮ್ಯಾಕ್ರೋ ಓಡಿಸುವ ಮೊದಲು ಅದನ್ನು ಒತ್ತಿ. ಒಂದು ಸಲಕ್ಕೆ ಒಂದೇ ತಪ್ಪು ತೋರಿಸುತ್ತದೆ. ತಿದ್ದಿ, ಮತ್ತೆ ಒತ್ತಿ. ಎಲ್ಲ ಸರಿಯಾದಾಗ ಮೆನುವಿನ ಆ ಪದ ಬೂದು ಬಣ್ಣಕ್ಕೆ ತಿರುಗುತ್ತದೆ.

ಈಗ ಗೆಳತಿಯ ಮ್ಯಾಕ್ರೋಗೆ ಬರುತ್ತೇನೆ. ಸಾಲು ವಾಪಸ್ ಹಾಕಿಸಿದೆ. ನೀಲಿಯಾದದ್ದು ಎಕ್ಸ್‌ಎಲ್‌ಅಪ್. ಇಂಗ್ಲಿಷಿನಲ್ಲಿ xlUp, ಶೀಟಿನ ಕೊನೆಯ ಸಾಲು ಹುಡುಕಲು ಎಲ್ಲರೂ ಬಳಸುವ ಪದ. "ಸ್ಪೆಲಿಂಗ್ ಸರಿಯಾಗೇ ಇದೆ, ಹತ್ತು ಸಲ ನೋಡಿದೆ" ಅಂದಳು. ನನ್ನ ಕಣ್ಣಿಗೂ ಸರಿಯಾಗೇ ಕಾಣಿಸುತ್ತಿತ್ತು. ಆ ಪದ ಅಳಿಸಿ, ಪೂರ್ತಿ ಸಣ್ಣ ಅಕ್ಷರದಲ್ಲಿ ನೀನೇ ಟೈಪ್ ಮಾಡು ಅಂದೆ. ವಿಬಿಎಗೆ ಹೆಸರು ಗೊತ್ತಿದ್ದರೆ, ಸಾಲಿನಿಂದ ಕರ್ಸರ್ ಹೊರಬಂದ ತಕ್ಷಣ ದೊಡ್ಡದಿರಬೇಕಾದ ಅಕ್ಷರಗಳನ್ನು ತಾನೇ ದೊಡ್ಡದು ಮಾಡಿಕೊಳ್ಳುತ್ತದೆ. ಅದಕ್ಕೇ ನಾನು ಡಿಮ್ ಮಾಡುವಾಗ ಹೆಸರಿನಲ್ಲಿ ಒಂದಾದರೂ ದೊಡ್ಡ ಅಕ್ಷರ ಇಡುತ್ತೇನೆ, ಆಮೇಲೆ ಎಲ್ಲ ಕಡೆ ಸಣ್ಣದರಲ್ಲೇ ಟೈಪ್ ಮಾಡುತ್ತೇನೆ. ಬದಲಾಗದೆ ಹಾಗೇ ಉಳಿದರೆ ಸ್ಪೆಲಿಂಗ್ ತಪ್ಪಿದೆ ಅಂತ ಅಲ್ಲೇ ಗೊತ್ತಾಗುತ್ತದೆ.

ಅವಳು ಟೈಪ್ ಮಾಡಿ ಎಂಟರ್ ಒತ್ತಿದಳು. ನಡುವಿನ ಯು ದೊಡ್ಡದಾಯಿತು. ಹಳೆಯ ಪದವನ್ನು ಪಕ್ಕದಲ್ಲಿ ಅಂಟಿಸಿ ನೋಡಿದೆವು. ಎಲ್ಲಿಂದಲೋ ನಕಲು ಮಾಡಿದ್ದ ಆ ಪದದಲ್ಲಿ ಎಲ್ ಅಕ್ಷರದ ಜಾಗದಲ್ಲಿ 1 ಅನ್ನೋ ಅಂಕಿ ಕೂತಿತ್ತು.

ಅರ್ಧ ಗಂಟೆ ಬಿಟ್ಟು ಅವಳಿಂದ ಮತ್ತೊಂದು ಸ್ಕ್ರೀನ್‌ಶಾಟ್ ಬಂತು. ಡಿಬಗ್ ಮೆನು ತೆರೆದಿತ್ತು. ಕಂಪೈಲ್ ಬೂದು ಬಣ್ಣದಲ್ಲಿತ್ತು.