"ನನ್ನ ರಕ್ತದಾಗ ಏನು ಬಂತು?"

ನಮ್ಮ ಯಾಡಿಯ ಟ್ರಂಕಿನಲ್ಲಿ ಒಂದು ಚೀಟಿ ಇದೆ. ನಾವು ಲಂಬಾಣಿಗಳು ಅಮ್ಮನಿಗೆ ಯಾಡಿ ಅಂತೀವಿ. ರೇಷನ್ ಕಾರ್ಡು, ಆಧಾರ್ ಇಟ್ಟಿರೋ ಪ್ಲಾಸ್ಟಿಕ್ ಕವರಿನಲ್ಲೇ ಆ ಚೀಟಿಯನ್ನೂ ಜೋಪಾನ ಮಾಡಿದ್ದಾಳೆ. ಅದರಲ್ಲಿ ಇರೋದು ಬರೀ ಒಂದು ನಂಬರ್. ಹತ್ತು ವರ್ಷದ ಮೇಲಾಯಿತು, ಲಿಂಗಸುಗೂರು ತಾಲ್ಲೂಕಿನ ನಮ್ಮ ತಾಂಡಾಕ್ಕೆ ಒಂದು ತಂಡ ಬಂದಿತ್ತು. ಬೋರ್‌ವೆಲ್ ನೀರು ತುಂಬಿಕೊಂಡರು. ಕೂದಲು, ಉಗುರು, ರಕ್ತ ತೆಗೆದುಕೊಂಡರು. ಇಂಗ್ಲಿಷಿನಲ್ಲಿದ್ದ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡರು. ಚೀಟಿ ಕೊಟ್ಟು ಹೋದವರು ಮತ್ತೆ ಬರಲಿಲ್ಲ.

ನಾನು ಊರಿಗೆ ಹೋದಾಗೆಲ್ಲ ಅವಳು ಕೇಳುತ್ತಾಳೆ, "ನನ್ನ ರಕ್ತದಾಗ ಏನು ಬಂತು?" ನಾನು ರಾಯಚೂರಿನಲ್ಲಿ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಕಲಿಸುವವಳು. ನನ್ನ ಹತ್ತಿರವೂ ಉತ್ತರ ಇಲ್ಲ.

ಆ ತಂಡದವರು ಬಂದದ್ದು ಸುಮ್ನೆ ಅಲ್ಲ. ಹಟ್ಟಿ ಚಿನ್ನದ ಗಣಿ ನಮ್ಮ ತಾಲ್ಲೂಕಿನಲ್ಲೇ ಇದೆ. ಚಿನ್ನ ಇರೋ ಕಲ್ಲಿನ ಜೊತೆ ಆರ್ಸೆನಿಕ್ ಅನ್ನೋ ವಿಷ ಕೂಡ ಇರೋದುಂಟು. ಪಕ್ಕದ ಯಾದಗಿರಿ ಜಿಲ್ಲೆಯಲ್ಲಿ, ಸುರಪುರ ತಾಲ್ಲೂಕಿನ ಹಳೇ ಚಿನ್ನದ ಗಣಿಯ ಹತ್ತಿರ ಕಿರದಳ್ಳಿ ತಾಂಡಾ ಇದೆ. ಅಲ್ಲಿನ ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಸಿಕ್ಕಿತು. ಜನರ ಅಂಗೈ, ಅಂಗಾಲು, ಮೈಮೇಲೆ ಕಲೆ ಮತ್ತು ಗಂಟು ಕಂಡವು. 2013ರಲ್ಲಿ ಅದರ ಅಧ್ಯಯನವೂ ಪ್ರಕಟವಾಯಿತು. ಲೀಟರ್ ನೀರಿಗೆ 10 ಮೈಕ್ರೋಗ್ರಾಂ ದಾಟಬಾರದು ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಅದಕ್ಕಿಂತ ಜಾಸ್ತಿ ಇರೋ ನೀರನ್ನು ವರ್ಷಗಟ್ಟಲೆ ಕುಡಿದರೆ ಚರ್ಮ, ಶ್ವಾಸಕೋಶ, ಮೂತ್ರಕೋಶದ ಕ್ಯಾನ್ಸರ್ ಬರಬಹುದು. ನಮ್ಮ ನೀರಿನಲ್ಲೂ ಇದು ಇದೆಯಾ ಅನ್ನೋ ಪ್ರಶ್ನೆಯನ್ನು ನಮ್ಮ ತಾಂಡಾದಲ್ಲಿ ಕೇಳಲೇಬೇಕಿತ್ತು. ಉತ್ತರವನ್ನೂ ಅಲ್ಲೇ ಹೇಳಬೇಕಿತ್ತು ಅಲ್ವಾ?

ಹಿಂದುಳಿದ ಜನ ಕ್ಯಾನ್ಸರ್ ಸಂಶೋಧನೆಗೆ ಸಹಕರಿಸುವುದಿಲ್ಲ, ಅವರಿಗೆ ಅರಿವು ಕಡಿಮೆ ಅನ್ನೋ ಮಾತನ್ನು ಬಹಳ ಸಲ ಕೇಳಿದ್ದೇನೆ. ನನಗೆ ಸಿಟ್ಟು ಬರುತ್ತದೆ. ನಮ್ಮ ಹೆಂಗಸರಿಗೆ ಕ್ಯಾನ್ಸರ್ ಅನ್ನೋ ಪದ ಹೇಗೆ ಪರಿಚಯ ಆಯ್ತು ಗೊತ್ತಾ? ಕಲಬುರಗಿ ಜಿಲ್ಲೆಯಲ್ಲಿ ಹೊಟ್ಟೆನೋವು, ಬಿಳಿಮುಟ್ಟು ಅಂತ ಆಸ್ಪತ್ರೆಗೆ ಹೋದವರಿಗೆ "ತೆಗೆಸದಿದ್ದರೆ ಕ್ಯಾನ್ಸರ್ ಆಗುತ್ತೆ" ಅಂತ ಹೆದರಿಸಿ ಗರ್ಭಕೋಶ ತೆಗೆದರು. 2015ರಲ್ಲಿ ಆ ಲೆಕ್ಕ ಬಯಲಾದಾಗ ಎರಡು ಸಾವಿರ ಹೆಂಗಸರನ್ನು ದಾಟಿತ್ತು. ಅದರಲ್ಲಿ ಲಂಬಾಣಿ, ದಲಿತ ಹೆಂಗಸರೇ ಜಾಸ್ತಿ. ಆ ಕಡೆಗೆ ಮದುವೆ ಮಾಡಿಕೊಟ್ಟ ನಮ್ಮ ದೊಡ್ಡಮ್ಮನ ಮಗಳೂ ಹೀಗೇ ಗರ್ಭಕೋಶ ಕಳೆದುಕೊಂಡಳು. ಆಗ ಅವಳಿಗೆ 29 ವರ್ಷ. ಆಪರೇಷನ್ನಿಗೆ ಬೆಳ್ಳಿ ಮಾರಿದರು. ಈಗ ಅವಳ ತಂಗಿಯರ ಮನೆಗೆ ಗರ್ಭಕೊರಳಿನ, ಅಂದರೆ ಗರ್ಭಕೋಶದ ಬಾಯಿಯ, ಕ್ಯಾನ್ಸರ್ ತಪಾಸಣೆ ಅಂತ ಯಾರಾದರೂ ಹೋದರೆ ಅವರು ಹಿತ್ತಲ ಬಾಗಿಲಿನಿಂದ ಹೊಲಕ್ಕೆ ಹೋಗಿಬಿಡುತ್ತಾರೆ. ಅವರನ್ನು ಹೇಗೆ ತಪ್ಪು ಅನ್ನಲಿ?

ಆಗ ಆಂಧ್ರಪ್ರದೇಶದಲ್ಲಿದ್ದ ಖಮ್ಮಂ ಜಿಲ್ಲೆಯದೂ ಇಂಥದೇ ಕಥೆ. 2009ರಲ್ಲಿ ಅಲ್ಲಿನ ಬುಡಕಟ್ಟು ಹುಡುಗಿಯರಿಗೆ ಎಚ್‌ಪಿವಿ ಲಸಿಕೆ ಹಾಕಿದರು. ಎಚ್‌ಪಿವಿ ಅಂದರೆ ಗರ್ಭಕೊರಳಿನ ಕ್ಯಾನ್ಸರ್ ತರುವ ವೈರಸ್. ಎಷ್ಟೋ ಹುಡುಗಿಯರ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದವರು ಹಾಸ್ಟೆಲ್ ವಾರ್ಡನ್‌ಗಳು. ಕೆಲವು ಸಾವುಗಳ ಸುದ್ದಿ ಬಂದು 2010ರಲ್ಲಿ ಎಲ್ಲ ನಿಂತಿತು. ಸಾವಿಗೆ ಲಸಿಕೆ ಕಾರಣ ಅಲ್ಲ ಅಂತ ವಿಚಾರಣೆಯಲ್ಲಿ ಗೊತ್ತಾಯಿತು, ಆದರೆ ಒಪ್ಪಿಗೆ ಪಡೆದ ರೀತಿಯನ್ನು ಸಂಸತ್ತಿನ ಸಮಿತಿ 2013ರಲ್ಲಿ ಕಟುವಾಗಿ ಟೀಕಿಸಿತು. ಲಸಿಕೆ ಒಳ್ಳೆಯದು. ನನ್ನ ಮಗಳಿಗೆ ನಾನೇ ಹಾಕಿಸಿದ್ದೇನೆ. ಆದರೆ ತಾಂಡಾದಲ್ಲಿ ಅದರ ಬಗ್ಗೆ ಮಾತಾಡೋಕೆ ಹೋದರೆ ಇಂಥ ಹಳೇ ಭಯಕ್ಕೆ ಮೊದಲು ಉತ್ತರ ಕೊಡಬೇಕಾಗುತ್ತದೆ.

ಇನ್ನೊಂದು ಅಧ್ಯಯನ ನನ್ನನ್ನು ಬಿಡದೆ ಕಾಡುತ್ತದೆ. ಮಹಾರಾಷ್ಟ್ರದ ಉಸ್ಮಾನಾಬಾದ್, ಈಗಿನ ಧಾರಾಶಿವ, ನಮಗೆ ಹೊರಗಿನದಲ್ಲ. ರಾಯಚೂರು, ಕೊಪ್ಪಳದ ಹಾಗೆ ಅದೂ ನಿಜಾಮನ ಸೀಮೆಯಾಗಿತ್ತು. ಅದೇ ಬರ, ಅದೇ ಜೋಳ. 1999ರಲ್ಲಿ ಅಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಬಗ್ಗೆ ದೊಡ್ಡ ಅಧ್ಯಯನ ಶುರುವಾಯಿತು. 30ರಿಂದ 59 ವಯಸ್ಸಿನ 1,31,746 ಹೆಂಗಸರು. ಹಳ್ಳಿಗಳನ್ನು ನಾಲ್ಕು ಪಾಲು ಮಾಡಿದರು. ಒಂದು ಪಾಲಿಗೆ ಜೀವಮಾನದಲ್ಲಿ ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆ. ಇನ್ನೊಂದು ಪಾಲಿಗೆ ತಪಾಸಣೆ ಮಾಡಲಿಲ್ಲ. 2009ರಲ್ಲಿ ಫಲಿತಾಂಶ ಬಂತು. ಪರೀಕ್ಷೆ ಮಾಡಿದ ಪಾಲಿನಲ್ಲಿ ಈ ಕ್ಯಾನ್ಸರಿನಿಂದ ಸತ್ತವರು 34. ತಪಾಸಣೆ ಇಲ್ಲದ ಪಾಲಿನಲ್ಲಿ 64.

ಆ 64 ಜನರನ್ನು ನಾನು ಬರೀ ಅಂಕಿ ಅಂತ ಓದಲಾರೆ. ಅವರೂ ನಮ್ಮ ಯಾಡಿಯ ವಾರಿಗೆಯವರೇ. ಈ ಹೆಂಗಸರಿಂದ ಸಿಕ್ಕ ತಿಳಿವಳಿಕೆ ಇವತ್ತು ಇಡೀ ಜಗತ್ತಿಗೆ ದಾರಿ ತೋರಿಸುತ್ತಿದೆ. ಆದರೆ ಅವರ ಸೀಮೆಗೆ ಏನು ಬಂತು? ಫಲಿತಾಂಶ ಬಂದು ಹತ್ತು ವರ್ಷವಾದ ಮೇಲೆ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ನಮ್ಮ ದೇಶದಲ್ಲಿ 30ರಿಂದ 49 ವಯಸ್ಸಿನ ಹೆಂಗಸರಲ್ಲಿ ಒಮ್ಮೆಯಾದರೂ ಈ ತಪಾಸಣೆ ಆದವರು ನೂರಕ್ಕೆ ಇಬ್ಬರೂ ಇಲ್ಲ.

ಚೆನ್ನಾಗಿ ಮಾಡಿದವರೂ ಇದ್ದಾರೆ, ಅದೂ ನಮ್ಮ ಹತ್ತಿರವೇ. ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ 1987ರಲ್ಲಿ ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ, ಅಂದರೆ ಯಾರಿಗೆ ಯಾವ ಕ್ಯಾನ್ಸರ್ ಬಂತು ಅಂತ ಲೆಕ್ಕ ಇಡೋ ಕೆಲಸ, ಶುರುವಾಯಿತು. ಬೆಂಗಳೂರಿನಲ್ಲಿ 1982ರಿಂದಲೇ ನೋಂದಣಿ ಇದೆ, ಆದರೆ ಬೆಂಗಳೂರಿನ ಲೆಕ್ಕ ಹಿಡಿದು ಸಂಡೂರಿನ ಗಣಿ ಕೂಲಿಯ ಮೈಯಲ್ಲಿ ಏನಾಗುತ್ತಿದೆ ಅಂತ ಹೇಳೋಕೆ ಆಗಲ್ಲ. ರೋಗಿ ಆಸ್ಪತ್ರೆಗೆ ಬರಲಿ ಅಂತ ಬಾರ್ಶಿಯವರು ಕಾಯಲಿಲ್ಲ. ಕಾರ್ಯಕರ್ತರು ಹಳ್ಳಿ ಹಳ್ಳಿಗೆ ಹೋದರು, ಮತ್ತೆ ಮತ್ತೆ ಹೋದರು. ಲಕ್ಷಣ ಇದ್ದವರನ್ನು ಗುರುತಿಸಿ ಆಸ್ಪತ್ರೆಗೆ ಕಳಿಸಿದರು. ಬರಬರುತ್ತಾ ಗರ್ಭಕೊರಳಿನ ಕ್ಯಾನ್ಸರ್ ಮೊದಲ ಹಂತದಲ್ಲೇ ಸಿಗುವುದು ಹೆಚ್ಚಾಯಿತು. ಲೆಕ್ಕ ಬರೆಯೋಕೆ ಹೋದವರು ಜೀವವನ್ನೂ ಉಳಿಸಿದರು. ನನಗೆ ಬೇಕಾಗಿರೋದು ಈ ತರಹದ ಸಂಶೋಧನೆ.

ನಮ್ಮ ಕಡೆ ಮಾಡುವವರಿಗೆ ಒಂದು ಮಾತು ಹೇಳಬೇಕು. ಸಂಶೋಧನಾ ವರದಿಗಳಲ್ಲಿ "ಮುಂದಿನ ಭೇಟಿಗೆ ಸಿಗಲಿಲ್ಲ" ಅಂತ ಒಂದು ಸಾಲು ಇರುತ್ತದೆ. ಅವರು ಎಲ್ಲಿಗೂ ಕಳೆದುಹೋಗಿಲ್ಲ, ಗುಳೆ ಹೋಗಿದ್ದಾರೆ. ದೀಪಾವಳಿ ಮುಗಿದರೆ ಮಹಾರಾಷ್ಟ್ರಕ್ಕೆ ಕಬ್ಬು ಕಡಿಯೋಕೆ, ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೊರಡುತ್ತಾರೆ. ಡಿಸೆಂಬರಿನಲ್ಲಿ ಬಂದರೆ ತಾಂಡಾದಲ್ಲಿ ಮುದುಕರು, ಸಣ್ಣ ಮಕ್ಕಳು ಬಿಟ್ಟರೆ ಯಾರೂ ಇರಲ್ಲ. ದೀಪಾವಳಿಗೆ ಬನ್ನಿ, ಹೋಳಿ ಹಬ್ಬಕ್ಕೆ ಬನ್ನಿ. ಎಲ್ಲಿದ್ದರೂ ನಮ್ಮವರು ಊರಿಗೆ ಬಂದೇ ಬರುತ್ತಾರೆ.

ನಿಯಮಗಳೂ ನಮ್ಮ ಹತ್ತಿರ ಬಂದು ಎಡವುತ್ತವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ನೀತಿ ಮಾರ್ಗಸೂಚಿಯಲ್ಲಿ ಬುಡಕಟ್ಟು ಜನರ ಮೇಲಿನ ಸಂಶೋಧನೆಯಿಂದ ಆ ಜನರಿಗೆ ಪ್ರಯೋಜನ ಆಗಬೇಕು ಅಂತ ಇದೆ. ಬಹಳ ಒಳ್ಳೆಯ ಮಾತು. ಆದರೆ ಶಕ್ತಿನಗರದ ಹತ್ತಿರ ಕೃಷ್ಣಾ ದಾಟಿ ತೆಲಂಗಾಣಕ್ಕೆ ಹೋದರೆ ನಮ್ಮವರು ಎಸ್‌ಟಿ, ಅಂದರೆ ಬುಡಕಟ್ಟು. ಈ ದಡದಲ್ಲಿ ಎಸ್‌ಸಿ. ಅದೇ ಮಾತು, ಅದೇ ದೇವರು, ಅದೇ ನೀರು. ಪಟ್ಟಿ ನೋಡಿ ಕಾಳಜಿ ಮಾಡಬೇಡಿ. ಇನ್ನೊಂದು, ತಾಂಡಾದ ನಾಯಕ, ಕಾರಭಾರಿ ಹೂಂ ಅಂದರೆ ಹೆಂಗಸರನ್ನು ಕೇಳಿದ ಹಾಗಲ್ಲ. ಅವರನ್ನು ಬೇರೆಯಾಗಿ, ಅವರ ಮಾತಿನಲ್ಲೇ ಕೇಳಿ. ಎಚ್‌ಪಿವಿ ಪರೀಕ್ಷೆಗೆ ಈಗ ಹೆಂಗಸರು ಸ್ಯಾಂಪಲ್ ತಾವೇ ತೆಗೆದುಕೊಡಬಹುದು, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲೇ ಅದಕ್ಕೆ ಒಪ್ಪಿದೆ. ನಾಚಿಕೆಯ ಮಾತು ಅರ್ಧ ಅಲ್ಲಿಗೇ ಮುಗಿಯುತ್ತದೆ. ಆಮೇಲೆ ಏನು ಬಂತು ಅಂತ ಹೇಳೋಕೆ ಬನ್ನಿ. ಏನೂ ಇಲ್ಲ ಅನ್ನೋದಾದರೂ ಬಂದು ಹೇಳಿ.

ಬಳ್ಳಾರಿ, ಕೊಪ್ಪಳ, ರಾಯಚೂರಿನ ಮೆಡಿಕಲ್ ಕಾಲೇಜುಗಳಲ್ಲಿ ಓದುತ್ತಿರುವವರು, ಕಲಿಸುತ್ತಿರುವವರು ಈ ಬರಹ ಓದಿದರೆ, ನಮ್ಮ ತಾಂಡಾಕ್ಕೆ ಒಂದು ಸಂಜೆ ಬನ್ನಿ ಅಂತ ಕೇಳಿಕೊಳ್ಳುತ್ತೇನೆ. ಎಂಟು ಗಂಟೆ ಮೇಲೆ ಬಂದರೆ ಹೆಂಗಸರು ಅಡುಗೆ ಮುಗಿಸಿ ಸೇವಾಲಾಲ್ ಗುಡಿಯ ಕಟ್ಟೆಗೆ ಬರುತ್ತಾರೆ. ಮೊದಲನೇ ಸಲ ಸೂಜಿ, ಕಾಗದ ಏನೂ ತರಬೇಡಿ. ಅವರು ಕೇಳೋ ಪ್ರಶ್ನೆಗಳನ್ನು ಬರೆದುಕೊಳ್ಳಿ. ಯಾಡಿಯ ಪ್ರಶ್ನೆ ಏನು ಅಂತ ನಿಮಗೆ ಈಗಾಗಲೇ ಗೊತ್ತು.