ಮೇಲಿಂದ ಮದ್ದು ಸುರಿಯುವ ಮೊದಲು ಕೆಳಗಿರುವವರನ್ನು ಕೇಳಿ

"ಬೆಳೆಗೆ ಕೀಟ ಬಿದ್ದಿದೆ, ಆಳು ಸಿಗುವುದಿಲ್ಲ, ಮೇಲಿಂದ ಮದ್ದು ಬಿಟ್ಟರೆ ಒಂದೇ ದಿನದಲ್ಲಿ ಕೆಲಸ ಮುಗಿಯುತ್ತದೆ. ಇದಕ್ಕೂ ಅಡ್ಡ ಬಂದರೆ ರೈತ ಬದುಕುವುದು ಹೇಗೆ?" ಡ್ರೋನ್ ಸಿಂಪಡಣೆಯ ಮಾತು ಬಂದಾಗಲೆಲ್ಲ ಈ ಪ್ರಶ್ನೆ ಬರುತ್ತದೆ. ಪ್ರಶ್ನೆಯಲ್ಲಿ ನ್ಯಾಯವಿದೆ. ಕೀಟದಿಂದ ವರ್ಷದ ದುಡಿಮೆ ಕಳೆದುಕೊಂಡವರ ಕಷ್ಟ ಸುಳ್ಳಲ್ಲ. ಆದರೆ ಆಕಾಶದಿಂದ ಮದ್ದು ಸುರಿಯುವುದನ್ನು ವಿರೋಧಿಸುವ ಊರಿನವರನ್ನು "ಇವರಿಗೆ ವಿಜ್ಞಾನ ಗೊತ್ತಿಲ್ಲ" ಎಂದು ಪಕ್ಕಕ್ಕೆ ತಳ್ಳುವುದಿದೆಯಲ್ಲ, ಅದನ್ನು ನನ್ನಿಂದ ಒಪ್ಪಲು ಆಗುವುದಿಲ್ಲ. ಅದರ ಬೆಲೆ ಎಷ್ಟು ಅಂತ ಕಾಸರಗೋಡು ನಮಗೆ ತೋರಿಸಿಯಾಗಿದೆ.

ಗೇರಿಗೆ ಬರುವ ಟೀ ಸೊಳ್ಳೆಯನ್ನು ಹತ್ತಿರದಿಂದ ನೋಡಿದ್ದೀರಾ? ಹೆಸರಲ್ಲಿ ಸೊಳ್ಳೆ ಇದ್ದರೂ ಅದು ತಿಗಣೆ ಜಾತಿಯ ಕೀಟ. ಒಂದು ಸೆಂಟಿಮೀಟರೂ ಉದ್ದವಿಲ್ಲ. ಸಪೂರ ಮೈ, ಉದ್ದ ಮೀಸೆ, ಬೆನ್ನ ಮೇಲೆ ಗುಂಡುಸೂಜಿ ನೆಟ್ಟ ಹಾಗೆ ಒಂದು ಮುಳ್ಳು. ಎಳೆ ಚಿಗುರು, ಹೂಗೊಂಚಲು, ಎಳೆ ಬೀಜ ಎಲ್ಲದರಿಂದಲೂ ರಸ ಹೀರುತ್ತದೆ. ಚುಚ್ಚಿದ ಜಾಗದಲ್ಲಿ ಅಂಟು ಒಸರುತ್ತದೆ, ಆಮೇಲೆ ಕಪ್ಪಾಗಿ ಒಣಗುತ್ತದೆ. ಜೋರಾಗಿ ಬಿದ್ದರೆ ಇಡೀ ಮರ ಬೆಂಕಿ ತಾಗಿದ ಹಾಗೆ ಕಾಣುತ್ತದೆ. ಫಸಲು ಹೋದ ಹಾಗೇ ಲೆಕ್ಕ.

ಇದನ್ನು ಕೊಲ್ಲಲು ಕೇರಳ ಸರ್ಕಾರದ್ದೇ ಆದ ಪ್ಲಾಂಟೇಷನ್ ಕಾರ್ಪೊರೇಷನ್ ಕಾಸರಗೋಡು ಜಿಲ್ಲೆಯ ತನ್ನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಸಿತು. ತೋಟ ಅಂದರೆ ನಾಲ್ಕು ಸಾವಿರ ಹೆಕ್ಟೇರಿಗೂ ಜಾಸ್ತಿ. ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ, ಇಪ್ಪತ್ತು ವರ್ಷಕ್ಕೂ ಮೀರಿ ಇದು ನಡೆಯಿತು. ನಮ್ಮ ಕಡೆ ದಕ್ಷಿಣ ಕನ್ನಡದಲ್ಲಿ ಕರ್ನಾಟಕ ಗೇರು ಅಭಿವೃದ್ಧಿ ನಿಗಮದ ತೋಟಗಳಲ್ಲೂ ಹೀಗೇ ಆಯಿತು. ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಯ ಹೆಸರು ಎಂಡೋಸಲ್ಫಾನ್ ಜೊತೆ ಸೇರಿಕೊಂಡದ್ದು ಹಾಗೆ.

ಆ ಕಡೆಯ ನೆಲ ಹೇಗಿದೆ ಅಂತ ಗೊತ್ತಿದ್ದರೆ ಉಳಿದದ್ದು ತಾನಾಗಿ ಅರ್ಥವಾಗುತ್ತದೆ. ಗೇರು ಇರುವುದು ಗುಡ್ಡದ ಮೇಲೆ. ಮನೆ, ಅಡಿಕೆ ತೋಟ, ಶಾಲೆ ಇರುವುದು ಕೆಳಗಿನ ಬೈಲಿನಲ್ಲಿ. ಕುಡಿಯುವ ನೀರು ಬರುವುದು ಗುಡ್ಡದ ಹೊಟ್ಟೆಗೆ ಅಡ್ಡಡ್ಡ ಕೊರೆದ ಸುರಂಗಗಳಿಂದ. ಸುರಂಗದ ನೀರು ತೆರೆದ ತೊಟ್ಟಿಗೆ, ಕೆರೆಗೆ ಬಂದು ಬೀಳುತ್ತದೆ. ಅಂದರೆ ಮೇಲೆ ಬಿದ್ದದ್ದು ಮಳೆ ಬಂದಾಗ ಎಲ್ಲಿಗೆ ಇಳಿಯಬೇಕು? "ಬಾವಿ ಮುಚ್ಚಿಕೊಳ್ಳಿ" ಅಂತ ಹೇಳಿದ್ದರಂತೆ. ಬಾವಿ ಮುಚ್ಚಬಹುದು. ಸುರಂಗಕ್ಕೆ ನೀರು ಕೊಡುವ ಗುಡ್ಡವನ್ನು ಮುಚ್ಚುವುದು ಹೇಗೆ? ತೋಡನ್ನು? ದನ ಮೇಯುವ ಹುಲ್ಲನ್ನು?

ಹೆಲಿಕಾಪ್ಟರ್ ಮರದ ನೆತ್ತಿಗೆ ಹತ್ತಿರ ಹಾರಿದಷ್ಟೂ ಮದ್ದು ಮರದ ಮೇಲೆ ಬೀಳುತ್ತದೆ. ಏರಿಳಿತದ ಗುಡ್ಡದಲ್ಲಿ ಹಾಗೆ ಹಾರುವುದು ಕಷ್ಟ. ಮೇಲೆ ಹೋದಷ್ಟೂ ಗಾಳಿಯದ್ದೇ ಆಟ. ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ಸಣ್ಣ ಹನಿ ಬೇಗ ನೆಲಕ್ಕೆ ಇಳಿಯುವುದೇ ಇಲ್ಲ, ಗಾಳಿ ಕರೆದ ಕಡೆ ಹೋಗುತ್ತದೆ. ಅದಕ್ಕೆ ತೋಟದ ಗಡಿಕಲ್ಲು ಕಾಣುವುದಿಲ್ಲ.

ಇದನ್ನೆಲ್ಲ ಮೊದಲು ಗಮನಿಸಿದವರು ಯಾರು? ಲ್ಯಾಬ್‌ನಲ್ಲಿ ಕೂತವರಲ್ಲ. ಸಿಂಪಡಣೆ ಶುರುವಾದ ಕೆಲವೇ ವರ್ಷಗಳಲ್ಲಿ ಕಾಲು ಸೊಟ್ಟಗಿರುವ ಕರು ಹುಟ್ಟುತ್ತಿರುವುದನ್ನು ಕಂಡು ಪತ್ರಕರ್ತ ಶ್ರೀ ಪಡ್ರೆ ಬರೆದರು. ಕಾಸರಗೋಡಿನ ಎಣ್ಮಕಜೆಯ ಪಡ್ರೆ ಎಂಬ ಊರಿನಲ್ಲಿ ರೋಗಿಗಳನ್ನು ನೋಡುತ್ತಿದ್ದ ಡಾ. ವೈ.ಎಸ್. ಮೋಹನ ಕುಮಾರ್ ಒಂದು ಸಣ್ಣ ಊರಿನಲ್ಲಿ ಇಷ್ಟೊಂದು ನರದ ತೊಂದರೆ, ಬುದ್ಧಿಮಾಂದ್ಯ, ಕ್ಯಾನ್ಸರ್ ಯಾಕೆ ಅಂತ ಕೇಳಿದರು. ಕೃಷಿ ಇಲಾಖೆಯಲ್ಲೇ ಕೆಲಸದಲ್ಲಿದ್ದ ಪೆರಿಯದ ಲೀಲಾಕುಮಾರಿ ಅಮ್ಮ 1998ರಲ್ಲಿ ಕಾಸರಗೋಡು ಜಿಲ್ಲೆಯದೇ ಹೊಸದುರ್ಗದ ಮುನ್ಸಿಫ್ ಕೋರ್ಟಿಗೆ ಹೋಗಿ ವೈಮಾನಿಕ ಸಿಂಪಡಣೆಗೆ ತಡೆ ತಂದರು. ಸ್ವಲ್ಪ ಯೋಚಿಸಿ. ಸರ್ಕಾರದ ನಿಗಮದ ಎದುರು, ಸರ್ಕಾರದ ಸಂಬಳ ತೆಗೆದುಕೊಳ್ಳುವ ಒಬ್ಬ ಹೆಣ್ಣುಮಗಳು. ಆ ಧೈರ್ಯದ ಬಗ್ಗೆ ನಮ್ಮ ಮಕ್ಕಳ ಪಾಠದಲ್ಲಿ ಒಂದು ಸಾಲಾದರೂ ಇರಬೇಕಿತ್ತು ಅಂತ ನನಗೆ ಅನ್ನಿಸುತ್ತದೆ.

ಆಮೇಲೆ ಸಮಿತಿಗಳ ಮೇಲೆ ಸಮಿತಿ. 2001ರಲ್ಲಿ ದೆಹಲಿಯ ಸೆಂಟರ್ ಫಾರ್ ಸೈನ್ಸ್ ಆಂಡ್ ಎನ್ವಿರಾನ್‌ಮೆಂಟ್ ಪಡ್ರೆಯ ನೀರು, ಮಣ್ಣು, ರಕ್ತ, ಎದೆಹಾಲಿನಲ್ಲೂ ಎಂಡೋಸಲ್ಫಾನ್ ಇದೆ ಎಂದಿತು. ಇಲ್ಲ ಎನ್ನುವ ವರದಿಯೂ ಬಂತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ತಜ್ಞರು ಗೇರು ಗುಡ್ಡದ ಬುಡದ ಹಳ್ಳಿಯ 117 ಹುಡುಗರನ್ನು, ಸಿಂಪಡಣೆ ಇಲ್ಲದ ಕಡೆಯ 90 ಹುಡುಗರ ಜೊತೆ ಹೋಲಿಸಿ ನೋಡಿದರು. ಸಿಂಪಡಣೆಯ ಊರಿನ ಹುಡುಗರು ಪ್ರಾಯಕ್ಕೆ ಬರುವುದು ತಡವಾಗುತ್ತಿದೆ ಎಂದು 2003ರಲ್ಲಿ ಪ್ರಕಟಿಸಿದರು. ಅಲ್ಲಿನ ಪ್ರತಿಯೊಂದು ಕಾಯಿಲೆಗೂ ಎಂಡೋಸಲ್ಫಾನೇ ಕಾರಣವಾ ಎಂಬ ವಾದ ಇವತ್ತಿಗೂ ನಡೆಯುತ್ತಿದೆ. ನಡೆಯಲಿ. ವಿಜ್ಞಾನದಲ್ಲಿ ವಾದ ಇರಲೇಬೇಕು.

ನನ್ನ ತಕರಾರು ಬೇರೆ. "ಹಾನಿ ಆಗಿದೆ ಅಂತ ನೀವೇ ಸಾಬೀತು ಮಾಡಿ" ಎಂಬ ಹೊರೆಯನ್ನು ಯಾರ ತಲೆ ಮೇಲೆ ಹಾಕಿದರು? ಹಾಸಿಗೆ ಹಿಡಿದ ಮಗುವನ್ನು ಬಿಟ್ಟು ಹೊರಗೆ ಕಾಲಿಡಲಾಗದ ತಾಯಿಯ ಮೇಲೆ. ಸುರಿಯುವವನು "ಇದರಿಂದ ಏನೂ ಆಗುವುದಿಲ್ಲ" ಎಂದು ಮೊದಲೇ ತೋರಿಸಬೇಕಿತ್ತು, ಅಲ್ವಾ? ಅದು ತಲೆಕೆಳಗಾದ್ದರಿಂದ ಏನಾಯಿತು ನೋಡಿ. ಕರ್ನಾಟಕ ಎಂಡೋಸಲ್ಫಾನ್ ನಿಷೇಧಿಸಿದ್ದು 2011ರ ಫೆಬ್ರವರಿಯಲ್ಲಿ. ಸುಪ್ರೀಂ ಕೋರ್ಟ್ ದೇಶಕ್ಕೆಲ್ಲ ತಡೆ ಹಾಕಿದ್ದು ಅದೇ ವರ್ಷದ ಮೇ 13ಕ್ಕೆ. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳಲ್ಲಿ ಕೊಡಿ ಎಂದು ಕೇರಳಕ್ಕೆ ಹೇಳಿದ್ದು 2017ರ ಜನವರಿಯಲ್ಲಿ. 2022ರಲ್ಲಿ ಅದೇ ಕೋರ್ಟ್ ಲೆಕ್ಕ ಕೇಳಿದಾಗ 3,704 ಜನರಲ್ಲಿ ದುಡ್ಡು ಸಿಕ್ಕಿದ್ದು 8 ಜನರಿಗೆ, ಕೋರ್ಟ್ ನಿಂದನೆ ಅರ್ಜಿ ಹಾಕಿದವರಿಗೆ. ಇದನ್ನು ಓದಿದಾಗಲೆಲ್ಲ ಸಿಟ್ಟು ಬರುತ್ತದೆ. ಮೊದಲ ಹೆಲಿಕಾಪ್ಟರ್ ಹಾರಿದಾಗ ಹುಟ್ಟಿದ ಮಗು ಅಷ್ಟೊತ್ತಿಗೆ ನಲವತ್ತು ದಾಟಿರುತ್ತದೆ.

ಹಾಗಂತ ಕಾನೂನು ಏನೂ ಹೇಳಿರಲಿಲ್ಲವಾ? ಹೇಳಿತ್ತು. 1971ರ ಕೀಟನಾಶಕ ನಿಯಮಗಳಲ್ಲಿ 43ನೇ ನಿಯಮ ಪೂರ್ತಿ ವೈಮಾನಿಕ ಸಿಂಪಡಣೆಗೇ ಮೀಸಲು. ಜಾಗ ಗುರುತು ಮಾಡಬೇಕು. ಒಪ್ಪಿಗೆ ಇರುವ ಮದ್ದನ್ನು ಒಪ್ಪಿಗೆ ಇರುವ ಎತ್ತರದಿಂದಲೇ ಬಿಡಬೇಕು. ಕಡಿಮೆ ಅಂದರೂ 24 ಗಂಟೆ ಮೊದಲು ಜನರಿಗೆ ತಿಳಿಸಬೇಕು. ಜನ, ಜಾನುವಾರು ಒಳಗೆ ಬಾರದ ಹಾಗೆ ನೋಡಿಕೊಳ್ಳಬೇಕು. ಆದರೆ ಗಮನಿಸಿ, "ತಿಳಿಸಬೇಕು" ಎಂದಿದೆ, "ಕೇಳಬೇಕು" ಎಂದಿಲ್ಲ. ಊರಿನವರು ಬೇಡ ಅಂದರೆ ಏನು ಎಂಬುದಕ್ಕೆ ಅಲ್ಲಿ ಜಾಗವೇ ಇಲ್ಲ.

ಇದು ಬಡ ಹಳ್ಳಿಯವರ ಭಯ ಮಾತ್ರ ಅಂದುಕೊಳ್ಳಬೇಡಿ. 2007ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸೇಬಿನ ಪತಂಗವೊಂದನ್ನು ತಡೆಯಲು ಮಾಂಟೆರೆ, ಸಾಂತಾ ಕ್ರೂಜ್ ಕಡೆ ರಾತ್ರಿ ಹೊತ್ತು ವಿಮಾನದಿಂದ ಸಿಂಪಡಿಸಿದರು. ಅದು ಕೊಲ್ಲುವ ವಿಷವೂ ಅಲ್ಲ. ಗಂಡು ಪತಂಗಕ್ಕೆ ಹೆಣ್ಣು ಸಿಗದ ಹಾಗೆ ದಿಕ್ಕು ತಪ್ಪಿಸುವ ವಾಸನೆಯ ದ್ರವ್ಯ. ಆದರೂ ಜನ ಎದ್ದು ನಿಂತರು. ಅದರ ಜೊತೆ ಸೇರಿಸಿದ ಉಳಿದ ರಾಸಾಯನಿಕಗಳು ಯಾವುವು ಎಂದು ಕೇಳಿದಾಗ, ಅದು ವ್ಯಾಪಾರದ ಗುಟ್ಟು ಎಂಬ ಉತ್ತರ ಮೊದಲಿಗೆ ಬಂದಿತ್ತು. ನಮ್ಮ ಮನೆ ಮೇಲೆ ಬೀಳುವುದು ಏನು ಅಂತ ನಮಗೇ ಹೇಳುವುದಿಲ್ಲ ಅಂದರೆ! ಪರಿಸರದ ಪರಿಶೀಲನೆ ಆಗದೆ ಸಿಂಪಡಿಸಬೇಡಿ ಎಂದು ಕೋರ್ಟ್ ಹೇಳಿತು. 2008ರ ಜೂನ್‌ನಲ್ಲಿ ಸರ್ಕಾರ ಊರು, ಪಟ್ಟಣದ ಮೇಲೆ ಸಿಂಪಡಿಸುವ ಯೋಜನೆಯನ್ನು ಕೈಬಿಟ್ಟಿತು. ಮರುವರ್ಷ ಯುರೋಪಿಯನ್ ಒಕ್ಕೂಟ ವೈಮಾನಿಕ ಸಿಂಪಡಣೆಗೆ ಸಾಮಾನ್ಯ ನಿಷೇಧವನ್ನೇ ತಂದಿತು, ವಿಶೇಷ ಸಂದರ್ಭಕ್ಕೆ ಮಾತ್ರ ಅನುಮತಿ.

ಮಿಡತೆ ದಂಡು ಬಂದಾಗ? 2020ರಲ್ಲಿ ರಾಜಸ್ಥಾನದಲ್ಲಿ ಹೆಲಿಕಾಪ್ಟರ್, ಡ್ರೋನ್ ಎರಡನ್ನೂ ಬಳಸಿದರು. ಜನವಸತಿ ಇಲ್ಲದ ಮರುಭೂಮಿಯಲ್ಲಿ ಅಂಥ ಪಿಡುಗು ಎದ್ದಾಗ ಬೇರೆ ದಾರಿ ಕಡಿಮೆ ಎಂಬುದನ್ನು ಒಪ್ಪುತ್ತೇನೆ. ಗೇರಿನ ಕಥೆ ಹಾಗಲ್ಲ. ಚಗಳಿ ಇರುವೆ ಗೂಡು ಕಟ್ಟಿದ ಗೇರು ಮರದಲ್ಲಿ ಟೀ ಸೊಳ್ಳೆಯ ಕಾಟ ಕಡಿಮೆ. ಮೇಲಿಂದ ಸುರಿಯುವ ಮದ್ದು ಆ ಇರುವೆಯನ್ನೂ ಬಿಡುವುದಿಲ್ಲ, ಪರಾಗಸ್ಪರ್ಶ ಮಾಡುವ ಜೇನನ್ನೂ ಬಿಡುವುದಿಲ್ಲ. ಕೀಟ ಇರುವ ಮರ, ಇಲ್ಲದ ಮರ ಎಂಬ ಭೇದ ಅದಕ್ಕೆ ಗೊತ್ತಾಗುವುದಿಲ್ಲ.

ಈಗ ಡ್ರೋನ್. 2021ರ ಡಿಸೆಂಬರ್‌ನಲ್ಲಿ ಕೇಂದ್ರ ಕೃಷಿ ಸಚಿವಾಲಯ ಅದಕ್ಕೆ ಕಾರ್ಯವಿಧಾನ ಹೊರಡಿಸಿತು. ನಮೋ ಡ್ರೋನ್ ದೀದಿ ಯೋಜನೆಯಲ್ಲಿ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡುವ ಗುರಿಯನ್ನು 2023ರಲ್ಲಿ ಇಟ್ಟುಕೊಂಡರು. ಡ್ರೋನ್ ಹೆಲಿಕಾಪ್ಟರಿಗಿಂತ ಎಷ್ಟೋ ವಾಸಿ, ಬೆಳೆಗೆ ಹತ್ತಿರ ಹಾರುತ್ತದೆ. ಬೆನ್ನಿಗೆ ಪಂಪು ಕಟ್ಟಿಕೊಂಡು ವಿಷ ಉಸಿರಾಡುವ ಕೂಲಿಯವನಿಗೂ ಅನುಕೂಲ. ಆದರೆ ಕೈಪಂಪಿನಲ್ಲಿ ಎಕರೆಗೆ ನೂರು ಲೀಟರಿಗೂ ಮೀರಿ ನೀರು ಹೋಗುವ ಕಡೆ ಡ್ರೋನ್ ಸುಮಾರು 10 ಲೀಟರಿನಲ್ಲಿ ಮುಗಿಸುತ್ತದೆ. ದ್ರಾವಣ ಅಷ್ಟು ಗಟ್ಟಿ, ಹನಿ ಅಷ್ಟು ಸಣ್ಣ. ಪಕ್ಕದ ಜಮೀನಿನಲ್ಲಿ ರೇಷ್ಮೆ ಹುಳುವಿಗೆ ಹಿಪ್ಪುನೇರಳೆ ಬೆಳೆದವನಿಗೆ ಇದು ಸಣ್ಣ ವಿಷಯವಲ್ಲ. ಜೇನುಪೆಟ್ಟಿಗೆ ಇಟ್ಟವನಿಗೂ ಅಲ್ಲ.

ಹಾಗಾಗಿ ನಿಮ್ಮ ಪಂಚಾಯಿತಿಯಲ್ಲಿ ಈ ವಿಷಯ ಬಂದರೆ ಸುಮ್ನೆ ಕೂರಬೇಡಿ. ಯಾವ ಮದ್ದು, ಯಾವ ಪ್ರಮಾಣ, ಯಾವ ದಿನ, ಗಾಳಿ ಎಷ್ಟಿದ್ದರೆ ನಿಲ್ಲಿಸುತ್ತೀರಿ, ಶಾಲೆಯಿಂದ, ಕುಡಿಯುವ ನೀರಿನಿಂದ ಎಷ್ಟು ದೂರ, ತೊಂದರೆಯಾದರೆ ಹೊಣೆ ಯಾರು ಎಂದು ಕೇಳಿ. ಉತ್ತರ ಬರವಣಿಗೆಯಲ್ಲಿ ಬರಲಿ. ಗ್ರಾಮಸಭೆಯಲ್ಲಿ ಓದಿ ಹೇಳಲಿ. ಸಿಂಪಡಿಸುವ ಮೊದಲೇ ಬಾವಿ ನೀರಿನ ಪರೀಕ್ಷೆ ಮಾಡಿಸಿ ಇಡಿ. ಪಡ್ರೆ ಊರಿನವರ ಕೈಯಲ್ಲಿ ಅಂಥ ಹಳೆಯ ದಾಖಲೆ ಒಂದಿದ್ದಿದ್ದರೆ ಅವರ ಹೋರಾಟ ಇಷ್ಟು ಕಷ್ಟವಾಗುತ್ತಿರಲಿಲ್ಲ. ಉತ್ತರ ಸಿಗುವವರೆಗೆ ಬೇಡ ಅನ್ನುವ ಹಕ್ಕು ಊರಿಗೆ ಇರಲಿ. ಆ ಹಕ್ಕನ್ನು 43ನೇ ನಿಯಮದಲ್ಲೇ ಬರೆಸಬೇಕು. ನಮ್ಮ ಶಾಸಕರು, ಸಂಸದರು ಓಟು ಕೇಳಲು ಬಂದಾಗ ನಾನಂತೂ ಮೊದಲು ಇದನ್ನೇ ಕೇಳುತ್ತೇನೆ.